ಅಜ್ಜಿಯ ಮಾತಿಗೆ ಕಿವಿಗೊಟ್ಟ ಕಾದಂಬರಿ

ಅಜ್ಜಿಯನ್ನು ನೆನೆದು ಬರೆದ ಬರಹಗಳಿಗೆ ಕನ್ನಡದಲ್ಲಿ ಬರವಿಲ್ಲ. ಅವುಗಳಲ್ಲಿ ಅಜ್ಜಿ ಕತೆ ಹೇಳುತ್ತಾಳೆ, ಕೈತುತ್ತು ಹಾಕುತ್ತಾಳೆ, ಮೊಮ್ಮಕ್ಕಳನ್ನು ಬೈಗುಳದಿಂದ ಕಾಯುತ್ತಾಳೆ. ಆದರೆ ಆಕೆ ಏನು ಯೋಚಿಸುತ್ತಿದ್ದಳು, ಯಾವುದನ್ನು ಒಪ್ಪುತ್ತಿರಲಿಲ್ಲ ಎಂಬುದು ಅಪರೂಪಕ್ಕೂ ಕಾಣಸಿಗುವುದಿಲ್ಲ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ನನಗೆ ದೊಡ್ಡ ಕೃತಿಯಾಗಿ ಕಾಣುವುದು ಈ ಕಾರಣಕ್ಕೆ. 1968ರಲ್ಲಿ ಬಂದ, 1977ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರವಾದ ಈ ಕಾದಂಬರಿಯನ್ನು ದೇವರು, ಧರ್ಮ, ಚರಿತ್ರೆಗಳ ಕುರಿತ ಚಿಂತನೆಯೆಂದು ಓದುವುದು ರೂಢಿ. ಅಜ್ಜಿಯೊಬ್ಬಳನ್ನು ಮೊಮ್ಮಗ ದಾಖಲಿಸಿದ ಬಗೆ ಎಂದು ಓದಿದಾಗ ಅದರ ಬಲವೂ ಮಿತಿಯೂ ಇನ್ನಷ್ಟು ಸ್ಪಷ್ಟವಾಗುತ್ತವೆ.

ಮೂಕಜ್ಜಿ ಬಾಲವಿಧವೆ. ಸಂಸಾರದ ಸುಖ ಕಂಡವಳಲ್ಲ, ಮಕ್ಕಳನ್ನು ಹೆತ್ತವಳಲ್ಲ. ವರ್ಷಗಟ್ಟಲೆ ಮಾತು ಕಡಿಮೆ ಮಾಡಿ ಬದುಕಿದ್ದರಿಂದಲೇ ಊರು ಆಕೆಯನ್ನು ಹಾಗೆ ಕರೆಯಿತು. ಆಕೆ ಮತ್ತೆ ಮಾತಾಡತೊಡಗುವುದು ಸಂಬಂಧದಲ್ಲಿ ಮೊಮ್ಮಗನಾಗುವ ಸುಬ್ರಾಯ ಎದುರಿಗೆ ಕೂತು ಕೇಳತೊಡಗಿದ ಮೇಲೆ. ಅವನು ತಂದುಕೊಟ್ಟ ಹಳೆಯ ವಸ್ತುವೊಂದು ಕೈಗೆ ಬಂದರೆ ಸಾಕು, ಎಂದೋ ಬಾಳಿಹೋದ ಜನರ ಬದುಕು ಅವಳ ಒಳಗಣ್ಣಿಗೆ ಕಾಣುತ್ತದೆ. ಕಾಣಿಸಿದ್ದನ್ನು ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಅದು ಮೊಮ್ಮಗನ ನಂಬಿಕೆಯನ್ನು ಅಲುಗಾಡಿಸಿದರೂ ಅವನು ಕೇಳುವುದನ್ನು ಬಿಡುವುದಿಲ್ಲ. ಅಜ್ಜಿಯ ಮೇಲಿನ ಪ್ರೀತಿಗೆ ಕಾರಂತರು ಕೊಟ್ಟ ರೂಪ ಇದು: ಅವಳನ್ನು ಪೂಜಿಸುವುದಲ್ಲ, ಪ್ರಶ್ನಿಸುತ್ತ ಅವಳ ಉತ್ತರವನ್ನು ಗಂಭೀರವಾಗಿ ತೆಗೆದುಕೊಳ್ಳುವುದು.

ಗಂಡು ಹೆಣ್ಣಿನ ಆಸೆಯ ಬಗ್ಗೆ ಮೂಕಜ್ಜಿ ಆಡುವ ಮಾತುಗಳಲ್ಲಿ ಈ ಬಲ ಎದ್ದು ಕಾಣುತ್ತದೆ. ಆ ಸುಖದಿಂದ ದೂರವಿಟ್ಟ ಸಮಾಜದ ಮೇಲೆ ಕಹಿಯಾಗಲು ಅವಳಿಗೆ ಎಲ್ಲ ಕಾರಣಗಳೂ ಇದ್ದವು. ಆದರೂ ಅವಳು ಆಸೆಯನ್ನು ಪಾಪ ಎನ್ನುವುದಿಲ್ಲ. ಬಾಳಿಗೆ ಬೆನ್ನು ಹಾಕಿದ ವೈರಾಗ್ಯಕ್ಕೆ ತಲೆಬಾಗುವುದಿಲ್ಲ. ಊರಿನ ಬಾಯಿಗೆ ಬಿದ್ದ ನಾಗಿ ಎಂಬ ಹೆಂಗಸನ್ನು ಅವಳು ಕರುಣೆಯಿಂದ ಕಾಣುತ್ತಾಳೆ. ತನಗೆ ಸಿಗದ ಬಾಳನ್ನು ಇನ್ನೊಬ್ಬಳಿಗೆ ಹಾರೈಸುವ ಈ ಔದಾರ್ಯ ಯಾವ ಗುಣಗಾನಕ್ಕಿಂತಲೂ ಅಜ್ಜಿಯನ್ನು ದೊಡ್ಡವಳನ್ನಾಗಿ ಮಾಡುತ್ತದೆ.

ಕೊರತೆಯೂ ಇದೆ. ದೇವರುಗಳು ಹುಟ್ಟಿ ಬದಲಾದ ಬಗೆ, ಮನುಷ್ಯ ಗುಹೆಯಿಂದ ಹೊಲಕ್ಕೆ ಬಂದ ಬಗೆಗಳನ್ನು ಹೇಳುವಾಗ ಮೂಕಜ್ಜಿಯ ದನಿ ಹಿಂದೆ ಸರಿದು, ಓದಿ ಬಲ್ಲ ಕಾರಂತರ ದನಿ ಮುಂದೆ ಬರುತ್ತದೆ. ಸಾವಿರಾರು ವರ್ಷಗಳ ಹಿಂದಿನದನ್ನು ಕಾಣಬಲ್ಲವಳ ಸ್ವಂತ ಎಂಟು ದಶಕಗಳು ಅಷ್ಟು ವಿವರವಾಗಿ ನಮಗೆ ಸಿಗುವುದಿಲ್ಲ. ಗಂಡ ಸತ್ತಾಗ ಆ ಹುಡುಗಿಗೆ ಏನು ಅರ್ಥವಾಯಿತು, ಜೊತೆಯವರು ಮದುವೆಯಾಗಿ ಹೋದಾಗ ಅವಳ ದಿನಗಳು ಹೇಗೆ ಕಳೆದವು ಎಂದು ಕೇಳಲು ಸುಬ್ರಾಯನಿಗೆ ಅವಕಾಶವಿತ್ತು. ಆದರೆ ಅವನ ಕುತೂಹಲ ಹೆಚ್ಚಾಗಿ ಚರಿತ್ರೆಯ ಕಡೆಗೇ ಓಡುತ್ತದೆ. ಬಾಲ್ಯದ ಗೆಳತಿ ತಿಪ್ಪಜ್ಜಿ ಬರುವ ಭಾಗಗಳು ಮನಸ್ಸಿಗೆ ಹತ್ತಿರವಾಗುವುದು ಅಲ್ಲಿ ಮೂಕಜ್ಜಿ ಜ್ಞಾನಿಯಾಗಿರಬೇಕಿಲ್ಲ, ಒಬ್ಬಳ ಗೆಳತಿಯಾಗಿದ್ದರೆ ಸಾಕು ಎಂಬುದರಿಂದ. 2019ರಲ್ಲಿ ಪಿ. ಶೇಷಾದ್ರಿ ಈ ಕಾದಂಬರಿಯನ್ನು ಸಿನಿಮಾ ಮಾಡಿದಾಗ ಮೂಕಜ್ಜಿಯಾದವರು ಬಿ. ಜಯಶ್ರೀ. ನುರಿತ ನಟಿಯೊಬ್ಬರ ಮುಖ ಮತ್ತು ಕಂಠ ಸಿಕ್ಕಿದ್ದರಿಂದ ಪುಸ್ತಕದಲ್ಲಿ ವಿಚಾರವಾಗಿ ಉಳಿದ ಮಾತುಗಳಿಗೂ ಒಬ್ಬ ಹೆಂಗಸಿನ ಉಸಿರು ಬಂತು.

ಈ ಮಿತಿಯನ್ನು ಲೆಕ್ಕಕ್ಕೆ ಹಿಡಿದರೂ ಅಜ್ಜಿಯ ಬಗ್ಗೆ ಬರೆಯುವವರಿಗೆ ಇಷ್ಟು ಉಪಯುಕ್ತವಾದ ಇನ್ನೊಂದು ಕನ್ನಡ ಕೃತಿ ನನಗೆ ತೋರುವುದಿಲ್ಲ. ಅಜ್ಜಿಯ ಒಳ್ಳೆಯತನವನ್ನು ಪಟ್ಟಿ ಮಾಡಿದರೆ ಅವಳು ಎಲ್ಲರ ಅಜ್ಜಿಯಂತೆಯೇ ಕಾಣುತ್ತಾಳೆ. ಅವಳ ಅಭಿಪ್ರಾಯ, ಜಗಳ, ತೀರದ ಆಸೆಗಳನ್ನು ಬರೆದಾಗಲೇ ಅವಳು ಅವಳಾಗಿ ಉಳಿಯುತ್ತಾಳೆ. ಕಾರಂತರು ಇದರಲ್ಲಿ ಅರ್ಧ ದಾರಿಯನ್ನು ಧೈರ್ಯದಿಂದ ನಡೆದು ತೋರಿಸಿದ್ದಾರೆ. ಅಜ್ಜಿಯ ಸ್ವಂತ ಬಾಳನ್ನು ಅವಳ ಬಾಯಿಂದಲೇ ಕೇಳಿ ಬರೆಯುವ ಉಳಿದರ್ಧ, ಅಜ್ಜಿ ಇನ್ನೂ ಮನೆಯಲ್ಲಿರುವ ಪ್ರತಿ ಮೊಮ್ಮಗ, ಮೊಮ್ಮಗಳ ಕೆಲಸ.