ಮಂತ್ರ ಮಾಂಗಲ್ಯ: ಆಡಿದ ಮಾತಿಗೆ ಯಾರು ಹೊಣೆ?

1966ರ ನವೆಂಬರಿನಲ್ಲಿ, ಮೂಡಿಗೆರೆ ಕಡೆಯ ಭೂತನಕಾಡಿನ ಚಿತ್ರಕೂಟ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಮದುವೆಯಾದರು. ಪುರೋಹಿತರಿರಲಿಲ್ಲ. ಕುವೆಂಪು ರೂಪಿಸಿದ ಈ ಮದುವೆ ಕ್ರಮವೇ ಮಂತ್ರ ಮಾಂಗಲ್ಯ; ಅದು ಈ ಕಾಫಿ ಸೀಮೆಯಿಂದ ನಾಡಿಗೆಲ್ಲ ಹಬ್ಬಿತು.

ಇದನ್ನು ಸರಳ ಮದುವೆ ಎಂದು ಹೊಗಳುವುದು ರೂಢಿ. ಆ ಹೊಗಳಿಕೆ ನನಗೆ ಸಾಲದು. ಖರ್ಚು ಉಳಿಸುವುದಷ್ಟೇ ಗುರಿಯಾಗಿದ್ದರೆ ನೋಂದಣಿ ಕಚೇರಿಯೇ ಸಾಕಿತ್ತು. ಕುವೆಂಪು ವೇದ, ಉಪನಿಷತ್ತುಗಳ ಮಂತ್ರಗಳನ್ನು ಕೈಬಿಡಲಿಲ್ಲ, ಕನ್ನಡದಲ್ಲಿ ಅರ್ಥ ಜೊತೆಗಿಟ್ಟರು. ಗಂಡುಹೆಣ್ಣಿನಲ್ಲಿ ಮೇಲುಕೀಳಿಲ್ಲ, ಜಾತಿಮತದ ಕಟ್ಟಿನಿಂದ, ಮೌಢ್ಯದಿಂದ ನಮಗೆ ಬಿಡುಗಡೆ ಎಂಬ ಪ್ರತಿಜ್ಞೆಯನ್ನು ವಧೂವರರ ಬಾಯಿಗೇ ಕೊಟ್ಟರು. ನಂಬಿಕೆ ಉಳಿಯಿತು, ಅದರ ಹೊಣೆ ಪುರೋಹಿತನಿಂದ ನಂಬಿದವರ ಹೆಗಲಿಗೆ ಬಂತು. ತಿಳಿಯದ ಮಂತ್ರಕ್ಕೆ ತಲೆಯಾಡಿಸಿದವರು ನಾಳೆ 'ನನಗೇನು ಗೊತ್ತಿತ್ತು' ಎನ್ನಬಹುದು. ಊರವರ ಎದುರು ತಮ್ಮ ಮಾತಿನಲ್ಲೇ ಒಪ್ಪಿಕೊಂಡವರಿಗೆ ಆ ನೆಪ ಇಲ್ಲ.

1980ರ ದಶಕದಲ್ಲಿ ರೈತಸಂಘ ಮಂತ್ರ ಮಾಂಗಲ್ಯವನ್ನು ಹಳ್ಳಿಗಳಿಗೆ ಒಯ್ದದ್ದು ದೊಡ್ಡ ಕೆಲಸ. ತೋಟದ ಲೈನುಗಳಲ್ಲಿ ಮಗಳ ಮದುವೆಗೆ ಧಣಿಯ ಹತ್ತಿರ ಮುಂಗಡ ತೆಗೆದು, ಕೂಲಿಯಲ್ಲಿ ಮುರಿಸಿಕೊಳ್ಳುವವರಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕು.

ಆದರೆ ಈಗಿನ ಹಲವು ಮಂತ್ರ ಮಾಂಗಲ್ಯಗಳಲ್ಲಿ ಹಿರಿಯರೊಬ್ಬರು ಮೈಕ್ ಹಿಡಿದು ಸಾಲು ಸಾಲು ಓದುತ್ತಾರೆ. ಹುಡುಗ ಹುಡುಗಿ ಕ್ಯಾಮೆರಾ ಕಡೆ ಮುಖ ಮಾಡಿ ಅದನ್ನೇ ಒಪ್ಪಿಸುತ್ತಾರೆ. ಮೈಕ್ ಹಿಡಿದವರು ಮತ್ತೆ ಪುರೋಹಿತರಾದರು. ಜಾತಿ ಬಿಟ್ಟೆವೆಂದು ಹೇಳುವ ಜೋಡಿಯನ್ನು ಎಷ್ಟೋ ಸಲ ಜಾತಿ ನೋಡಿಯೇ ಕೂಡಿಸಿರುತ್ತಾರೆ. ಇದು ನನಗೆ ನೋವಿನ ವಿಷಯ, ಯಾಕೆಂದರೆ ಪ್ರತಿಜ್ಞೆಯ ಜೀವ ಇರುವುದೇ ಜಾತಿ ಬಿಡುವುದರಲ್ಲಿ.

ಕಾನೂನಿನ ತೊಡಕು ಬೇರೆ. ತಮಿಳುನಾಡು 1967ರಲ್ಲೇ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ತಂದು ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳಿಗೆ ಮಾನ್ಯತೆ ಕೊಟ್ಟಿತು. ನಮ್ಮಲ್ಲಿ ಅಂಥ ತಿದ್ದುಪಡಿ ಬರಲಿಲ್ಲ. ಧರ್ಮ ಬದಲಿಸದೆ ಬೇರೆ ಧರ್ಮದವರನ್ನು ಕೈಹಿಡಿಯುವ ಹೆಚ್ಚಿನವರಿಗೆ 1954ರ ವಿಶೇಷ ವಿವಾಹ ಕಾಯ್ದೆಯೇ ಗತಿ. ಅಲ್ಲಿ 30 ದಿನ ಮೊದಲೇ ನೋಟಿಸು ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಕಳಸದಂಥ, ಎಲ್ಲರೂ ಎಲ್ಲರನ್ನೂ ಬಲ್ಲ ಊರಿನವರಿಗೆ ಆ ಒಂದು ತಿಂಗಳು ದಾಟುವುದು ಸಣ್ಣ ಮಾತಲ್ಲ. ನೋಟಿಸಿನ ಗಡುವು ಮುಗಿದ ಮೇಲೂ ಮೂವರು ಸಾಕ್ಷಿಗಳು ಸಹಿ ಹಾಕಬೇಕು. ಮಂತ್ರ ಮಾಂಗಲ್ಯಕ್ಕೆ ಬಂದು ಚಪ್ಪಾಳೆ ತಟ್ಟುವವರಲ್ಲಿ ಆ ಮೂವರು ಸಿಗುತ್ತಾರೆಯೇ ಎಂಬುದರಿಂದಲೇ ನಾನು ಈ ಆಚರಣೆಯನ್ನು ಅಳೆಯುತ್ತೇನೆ.