‘ಪ್ರಳಯ’ ಶಬ್ದದ ಅರ್ಥವಿಚಾರ

ನದಿಯುಕ್ಕಿ ಊರು ಮುಳುಗಿದರೆ ಅದನ್ನು ‘ಜಲಪ್ರಳಯ’ವೆಂದು ಬರೆಯುವುದು ಕನ್ನಡದಲ್ಲಿ ರೂಢಿಯಾಗಿದೆ. 2013ರ ಕೇದಾರನಾಥದ ದುರಂತಕ್ಕೂ 2018ರ ಕೊಡಗಿನ ನೆರೆ-ಭೂಕುಸಿತಗಳಿಗೂ ಈ ಹೆಸರೇ ಸಂದಿತು. ಸರ್ವನಾಶವೆಂಬ ಅರ್ಥ ಎಷ್ಟು ಬಲವಾಗಿ ಬೇರೂರಿದೆಯೆಂದರೆ, ಈ ಶಬ್ದದ ಮೂಲದಲ್ಲಿ ನಾಶದ ಭಾವವೇ ಇಲ್ಲವೆಂದರೆ ಒಡನೆ ನಂಬುವವರು ವಿರಳ.

ಇದರ ಸಂಸ್ಕೃತ ರೂಪ ‘ಪ್ರಲಯ’. ಲಕಾರವು ಹೀಗೆ ಕನ್ನಡದಲ್ಲಿ ಳಕಾರವಾಗುವುದನ್ನು ಕೇಶಿರಾಜನು ‘ಕ್ಷಳ’ವೆಂದು ಕರೆದಿದ್ದಾನೆ. ‘ಪ್ರ’ ಉಪಸರ್ಗ, ‘ಲೀ’ ಧಾತು. ಧಾತುಪಾಠವು ಇದಕ್ಕೆ ಹೇಳುವ ಅರ್ಥ ‘ಶ್ಲೇಷಣ’, ಎಂದರೆ ಅಂಟಿಕೊಳ್ಳುವುದು, ಕೂಡಿಕೊಳ್ಳುವುದು. ಒಡೆಯುವ, ಸುಡುವ, ಕೊಚ್ಚುವ ಅರ್ಥ ಅಲ್ಲಿಲ್ಲ. ನೀರಿಗೆ ಹಾಕಿದ ಉಪ್ಪು ಕಣ್ಣಿಗೆ ಕಾಣದಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ಕಾರ್ಯವು ಕಾರಣದಲ್ಲಿ ಹಾಗೆ ಸೇರಿಹೋಗುವುದೇ ಪ್ರಲಯ. (‘ನಾಶ’ಕ್ಕೆ ಮೂಲವಾದ ‘ನಶ್’ ಧಾತುವಿಗೂ ‘ಅದರ್ಶನ’, ಕಾಣದಾಗುವಿಕೆ, ಎಂದೇ ಅರ್ಥ ಹೇಳಿರುವುದು ಸ್ವಾರಸ್ಯಕರ.)

ವಿಷ್ಣುಪುರಾಣವು ನೈಮಿತ್ತಿಕ, ಪ್ರಾಕೃತಗಳೊಡನೆ ಆತ್ಯಂತಿಕ ಪ್ರಲಯವನ್ನೂ ಹೇಳುತ್ತದೆ. ಈ ಆತ್ಯಂತಿಕವೆಂಬುದು ಮೋಕ್ಷವೇ. ಪ್ರಲಯವು ಬರಿಯ ವಿನಾಶವಾಗಿದ್ದರೆ ಮೋಕ್ಷಕ್ಕೆ ಆ ಹೆಸರು ಒಪ್ಪುತ್ತಿತ್ತೆ? ಅಮರಕೋಶದಲ್ಲಿ ಈ ಪದ ಕಾಲವರ್ಗದಲ್ಲಿ ಕಲ್ಪಾಂತಕ್ಕೆ ಪರ್ಯಾಯವಾಗಿ ಬಂದರೆ, ನಾಟ್ಯವರ್ಗದಲ್ಲಿ ಚೇಷ್ಟೆಯಡಗಿದ ಮೈಮರೆವಿಗೆ ಬಂದಿದೆ. ಅಲಂಕಾರಿಕರ ಎಂಟು ಸಾತ್ತ್ವಿಕಭಾವಗಳಲ್ಲಿಯೂ ಪ್ರಲಯವೊಂದು. ಪ್ರಿಯನನ್ನು ಕಂಡು ಮೂರ್ಛೆಹೋದ ನಾಯಿಕೆಯಲ್ಲಿ ಹಾಳಾದುದೇನೂ ಇಲ್ಲ. ಅವಳ ಅರಿವು ಒಂದರಲ್ಲಿ ಲೀನವಾಗಿದೆ, ಅಷ್ಟೇ. ಕಾವ್ಯಾಭ್ಯಾಸಿಗಳು ಈ ಎರಡನೆಯ ಅರ್ಥವನ್ನು ಮರೆತು ಶೃಂಗಾರಪ್ರಸಂಗದಲ್ಲಿ ಜಗತ್ಪ್ರಳಯವನ್ನು ಕಾಣುವುದುಂಟು.

ಲಿಂಗಶಬ್ದಕ್ಕೆ ಆಗಮಸಂಪ್ರದಾಯವು ‘ಲಯ-ಗಮನ’ಗಳೆಂದು ನಿರ್ವಚನ ಹೇಳುವಾಗಲೂ ಆಧಾರ ಈ ‘ಲೀ’ ಧಾತುವೇ. ವೈಯಾಕರಣರ ವ್ಯುತ್ಪತ್ತಿ ಬೇರೆಯಿರಬಹುದು. ಚರಾಚರವೆಲ್ಲ ಎಲ್ಲಿ ಅಡಗಿ ಎಲ್ಲಿಂದ ಮರಳಿ ಹೊರಡುವುದೋ ಅದು ಲಿಂಗವೆಂಬ ತತ್ತ್ವವನ್ನು ತಿಳಿದವರಿಗೆ ಲಯವು ಭೀತಿಯ ಮಾತಲ್ಲ.

ರೂಢಿಯು ಯೋಗವನ್ನು ಮೀರುವುದು ಭಾಷೆಯ ಸಹಜಧರ್ಮ. ಅದನ್ನು ತಡೆಯಹೊರಡುವುದು ವ್ಯರ್ಥ. ಆದರೆ ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಪುರಾಣದ ಪ್ರಲಯಕ್ಕೆ ಕಾಲವೇ ಕಾರಣ. ಅದಕ್ಕೆ ಹೊಣೆಗಾರರಿಲ್ಲ, ಮತ್ತು ಅದರ ಹಿಂದೆಯೇ ಸೃಷ್ಟಿ ಮರಳುತ್ತದೆ. ಮಂದಾಕಿನಿಯ ದಡಕ್ಕೆ ಒತ್ತಿ ಕಟ್ಟಿದ ಮನೆಗಳಿಗೂ ಕೊಡಗಿನ ಗುಡ್ಡಗಳ ಇಳಿಜಾರನ್ನು ಕಡಿದುದಕ್ಕೂ ಮನುಷ್ಯನೇ ಕಾರಣ, ಅಲ್ಲಿ ಸತ್ತವರು ಮರಳಲಿಲ್ಲ. ಅದನ್ನೂ ಪ್ರಳಯವೆಂದು ಕರೆದಾಗ ಮಾಡಿದವನ ತಪ್ಪು ಕಾಲಪುರುಷನ ಲೆಕ್ಕಕ್ಕೆ ಸೇರಿಹೋಗುತ್ತದೆ. ನೆರೆ, ಕುಸಿತ, ಹಾಳು ಎಂಬ ಕನ್ನಡದ ಮಾತುಗಳು ಅಷ್ಟು ಗಂಭೀರವಾಗಿ ಕೇಳಿಸದಿರಬಹುದು. ಅವನ್ನು ಬಳಸಿದರೆ, ಯಾರಿಂದ ಎಂಬ ಪ್ರಶ್ನೆಯನ್ನು ಕೇಳಲು ಎಡೆಯಾದರೂ ಉಳಿದಿರುತ್ತದೆ.