‘ಬರ್ಲಿ... ಬರ್ಲಿ...’: ಲಾರಿ ಮಾತಿಗೆ ಕಿವಿ ಕೊಡುವ ಬಗೆ

ನಾನು ಬೆಳೆದದ್ದು ಶಿವಮೊಗ್ಗದ ಕೋಟೆಯಲ್ಲಿ. ರಾತ್ರಿ ಗಾಂಧಿ ಬಜಾರಿನ ಬಾಗಿಲುಗಳು ಮುಚ್ಚಿದ ಮೇಲೆ ಅಂಗಡಿಗಳಿಗೆ ಲೋಡು ಬರುತ್ತಿತ್ತು. ಹಾಸಿಗೆಯಲ್ಲಿ ಮಲಗಿದ್ದವನಿಗೆ ಕೇಳಿಸುತ್ತಿತ್ತು: ‘ಬರ್ಲಿ... ಬರ್ಲಿ... ಬರ್ಲಿ, ಬರ್ಲಿ, ಬರ್ಲಿಬರ್ಲಿ, ಹೋಲ್ಡಾನ್!’ ಲಾರಿ ಕಾಣದಿದ್ದರೂ ಅದು ಗೋಡೆಗೆ ಎಷ್ಟು ಹತ್ತಿರ ಬಂತೆಂಬುದು ಕಣ್ಣಿಗೆ ಕಟ್ಟುತ್ತಿತ್ತು. ಚೆಂಡೆಯ ಪೆಟ್ಟಿಗೆ ಕಿವಿ ಕೊಡುವಷ್ಟೇ ಶ್ರದ್ಧೆ ಈ ಕೂಗಿಗೂ ಸಲ್ಲಬೇಕೆಂದು ನನಗೆ ಆಗಿನಿಂದಲೂ ಅನಿಸಿದೆ.

ಅಮೆರಿಕದ ಲಾರಿ ಚಾಲಕರ ರೇಡಿಯೋ ಮಾತು ಲೋಕಪ್ರಸಿದ್ಧ. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೇ ಅಲ್ಲಿ ಗಂಟೆಗೆ 55 ಮೈಲಿಯ ಮಿತಿ ಬಂತು. ಡೀಸೆಲ್ ಎಲ್ಲಿದೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಎಂದು ಚಾಲಕರು ಪುಟ್ಟ ರೇಡಿಯೋಗಳಲ್ಲಿ ಹೇಳಿಕೊಳ್ಳತೊಡಗಿದರು. ಪೊಲೀಸನಿಗೆ ‘ಸ್ಮೋಕಿ’, ಕೇಳಿಸಿತು ಅನ್ನಲು ‘ಟೆನ್-ಫೋರ್’. ಆ ರೇಡಿಯೋ ನಮ್ಮ ಗಾಡಿಗಳಲ್ಲಿ ನೆಲೆಯೂರಲಿಲ್ಲ. ಭದ್ರಾವತಿ ಆಕಾಶವಾಣಿ 1965ರಿಂದ ಇದೆ; ಅದರ ಹಾಡು ಕೇಳಬಹುದು, ತಿರುಗಿ ಮಾತಾಡುವಂತಿಲ್ಲ. ಮಾತಾಡಲು ನಮ್ಮವರಿಗೆ ಗಂಟಲಿತ್ತು, ಅಂಗೈಯಿತ್ತು, ಹಾರ್ನು, ಲೈಟು, ಕೊನೆಗೆ ಗಿಡದ ಸೊಪ್ಪೂ ಇತ್ತು.

ಹೊಸಬರು ‘ಬರ್ಲಿ’ಯಿಂದಲೇ ಶುರು ಮಾಡಲಿ. ಕ್ಲೀನರ್ ಹುಡುಗ ‘ಬಾ’ ಅನ್ನುವುದಿಲ್ಲ, ಡ್ರೈವರಣ್ಣ ಅವನಿಗಿಂತ ಹಿರಿಯ. ‘ಬನ್ನಿ’ ಅಂದರೆ ಅದು ಮನುಷ್ಯನಿಗೆ ಕೊಟ್ಟ ಕರೆಯಾಗುತ್ತದೆ, ಇಲ್ಲಿ ಬರಬೇಕಾದದ್ದು ಗಾಡಿ. ‘ಬರಲಿ’ ವಿಧ್ಯರ್ಥಕ, ಪ್ರಥಮ ಪುರುಷ. ಹಿರಿಯನಿಗೆ ಆಜ್ಞೆ ಮಾಡದೆ ಹತ್ತು ಟನ್ನಿನ ಭಾರವನ್ನು ಹಿಂದಕ್ಕೆ ಕರೆಯಲು ಇದಕ್ಕಿಂತ ಹದವಾದ ರೂಪ ಕನ್ನಡದಲ್ಲಿ ಇನ್ನೊಂದಿಲ್ಲ. ಉರ್ದು ಮನೆಮಾತಿನ ಹುಡುಗ ‘ಆನೇ ದೋ’ ಅಂದಾಗಲೂ ಅದೇ ಅರ್ಥ, ಅದೇ ಮರ್ಯಾದೆ.

ಪದ ಗೊತ್ತಾದ ಮೇಲೆ ಲಯಕ್ಕೆ ಬನ್ನಿ. ಜಾಗ ಬೇಕಾದಷ್ಟಿದ್ದರೆ ‘ಬರ್ಲೀ...’ ಎಂದು ಎಳೆತ, ಎರಡು ಕೂಗಿನ ನಡುವೆ ಉಸಿರಾಡುವಷ್ಟು ಬಿಡುವು. ಗೋಡೆ ಹತ್ತಿರವಾದಂತೆ ಬಿಡುವು ಕರಗುತ್ತದೆ. ನಡುವೆ ‘ಲೆಫ್ಟ್ ಕಟ್’, ‘ಫುಲ್ ಕಟ್’, ‘ಸೀದಾ’ ಬಂದು ಹೋಗುತ್ತವೆ. ದೂರ ಎಷ್ಟೆಂದು ಬಾಯಿಬಿಟ್ಟು ಹೇಳುವವರಿಲ್ಲ. ಡ್ರೈವರ್ ಅದನ್ನು ಆ ಬಿಡುವಿನಲ್ಲೇ ಅಳೆಯುತ್ತಾನೆ. ಪಳಗಿದ ಕ್ಲೀನರನ ಗುರುತು ‘ಹೋಲ್ಡಾನ್’ ಬೀಳುವ ಕ್ಷಣ. ಉದ್ದನೆಯ ಕಂಬಿ ಹೇರಿದ ಗಾಡಿಯಾದರೆ ಲೋಡಿನ ತುದಿ ಬಾಡಿಯ ತುದಿಗಿಂತ ಹಿಂದೆ ಚಾಚಿರುತ್ತದೆ, ಕೂಗು ಅಷ್ಟು ಮೊದಲೇ ಬರಬೇಕು. 1923ರಲ್ಲಿ ಕುಲುಮೆ ಹೊತ್ತಿದ ಭದ್ರಾವತಿಯಂಥ ಕಬ್ಬಿಣದ ಊರಿನಲ್ಲಿ ಈ ಲೆಕ್ಕ ತಪ್ಪುವಂತಿಲ್ಲ.

‘ರೈಟ್’ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಅದು ಬಲಗಡೆಯಲ್ಲ, ‘ಹೊರಡು’ ಎಂಬ ಸೂಚನೆ. ಗದ್ದಲದಲ್ಲಿ ದನಿ ಮುಟ್ಟದಿದ್ದರೆ ಅಂಗೈ ಬಾಡಿಗೆ ಬಡಿಯುತ್ತದೆ: ಒಂದು ಬಡಿತ ನಿಲ್ಲು, ಎರಡು ಬಡಿತ ಹೋಗು. ಬಸ್ ಕಂಡಕ್ಟರನ ಸೀಟಿಯ ಲೆಕ್ಕವೂ ಇದೇ. ಪದಗಳ ಹುಟ್ಟಿನಲ್ಲಿ ಆಸಕ್ತಿಯಿದ್ದವರು ‘ಸ್ಟೆಪ್ನಿ’ಯನ್ನು ಬಿಡಬೇಡಿ. ವೇಲ್ಸಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಹುಟ್ಟಿದ ಬದಲಿ ಚಕ್ರದ ಹೆಸರು, ನಮ್ಮ ಪಂಚರ್ ಅಂಗಡಿಗಳಲ್ಲಿ ಇಂದಿಗೂ ಬದುಕಿದೆ.

ಊರು ದಾಟಿ ಘಾಟಿಗೆ ಬಂದರೆ ಮಾತು ಬೇರೆ ರೂಪ ತಾಳುತ್ತದೆ. ಹುಲಿಕಲ್ ಘಾಟಿಯ ತಿರುವಿಗೆ ಮೊದಲು ಒಂದು ಉದ್ದ ಹಾರ್ನು, ಅದೊಂದು ಪ್ರಶ್ನೆ. ಆಚೆಯಿಂದ ಹಾರ್ನು ಬಂದರೆ ಉತ್ತರ, ಬರದಿದ್ದರೂ ಉತ್ತರವೇ. ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂದು ರಸ್ತೆ ನಿಯಮಾವಳಿ ಹೇಳುತ್ತದೆ. ಲೋಡು ಹೊತ್ತು ಏರುವಾಗ ಒಮ್ಮೆ ನಿಂತರೆ ಮತ್ತೆ ಎಳೆಯುವುದು ಎಷ್ಟು ಕಷ್ಟವೆಂದು ಬಲ್ಲವರು ನಿಯಮ ಓದದೆಯೇ ಬಿಡುತ್ತಾರೆ. ಎದುರಿನವನು ಹಾಕುವ ಡಿಪ್ಪರಿನ ಅರ್ಥ ಜಾಗದ ಮೇಲೆ ನಿಂತಿದೆ. ಕಿರಿದಾದ ಸೇತುವೆಯಲ್ಲಿ ಅದು ‘ನಾನು ಮೊದಲು’. ಹಗಲಿನ ನೇರ ರಸ್ತೆಯಲ್ಲಿ ‘ಮುಂದೆ ಚೆಕಿಂಗ್ ಇದೆ’.

ನನಗೆ ಎಲ್ಲಕ್ಕಿಂತ ಪ್ರೀತಿ ಸೊಪ್ಪಿನ ಮೇಲೆ. ತಿರುವಿನಲ್ಲಿ ಹಸಿ ಕೊಂಬೆಗಳು, ಅವುಗಳ ಮೇಲೆ ಒಂದೆರಡು ಕಲ್ಲು ಕಂಡರೆ ಮುಂದೆ ಗಾಡಿ ಕೆಟ್ಟು ನಿಂತಿದೆ ಎಂದರ್ಥ. ಎಲೆ ನಳನಳಿಸುತ್ತಿದ್ದರೆ ಈಗಷ್ಟೇ ಕೆಟ್ಟದ್ದು. ಬಾಡಿದ್ದರೆ ಒಳಗಿದ್ದವರು ರಾತ್ರಿ ಅಲ್ಲೇ ಕಳೆದಿದ್ದಾರೆ. ನಿಲ್ಲಿಸಿ, ನೀರು ಬೇಕೇ ಎಂದು ಕೇಳಿ.

ಈಗ ಎಷ್ಟೋ ಗಾಡಿಗಳು ಕ್ಲೀನರ್ ಇಲ್ಲದೆ ಓಡುತ್ತವೆ. ರಿವರ್ಸ್ ಹಾಕಿದರೆ ಗಾಡಿಯೇ ಕೀ ಕೀ ಅನ್ನುತ್ತದೆ, ಗೋಡೆ ಹತ್ತಾಳು ದೂರವಿದ್ದರೂ ಅದೇ ಕೀ ಕೀ. ಹಾಗಾಗಿ ಕೇಳಬೇಕೆನ್ನುವವರು ಬೇಗ ಹೊರಡಿ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಆದೀತು, ಮಾಚೇನಹಳ್ಳಿಯ ಕಾರ್ಖಾನೆಗಳ ಗೇಟು ಆದೀತು. ಗಾಡಿಯ ದಾರಿಗೆ ಅಡ್ಡ ಬಾರದಂತೆ, ಕ್ಲೀನರನ ಮುಖ ಕಾಣುವ ಕಡೆ ನಿಲ್ಲಿ. ‘ಹೋಲ್ಡಾನ್’ ಆದ ಕೂಡಲೇ ತಿರುಗಬೇಡಿ. ಡ್ರೈವರ್ ಬಾಯಲ್ಲಿ ಉತ್ತರಿಸುವುದು ಅಪರೂಪ. ಒಂದು ಗಳಿಗೆ ಕಳೆದು ಬ್ರೇಕಿನ ಗಾಳಿ ‘ಉಸ್’ ಎಂದು ಹೊರಬೀಳುತ್ತದೆ. ಹುಡುಗ ಆಮೇಲಷ್ಟೇ ಕೈ ಕೆಳಗಿಳಿಸುತ್ತಾನೆ.